ನೂರಿಪ್ಪತ್ತು ಬಿಂದಿಗೆ

"ಒಂದು ತೊಟ್ಟಿಗೆ ಎರಡು ಕೊಳಾಯಿಗಳಿವೆ," ಶಾಂತಕ್ಕ ಗೈಡು ನೋಡಿಕೊಂಡು ಗಟ್ಟಿಯಾಗಿ ಓದಿದಳು. "ಮೊದಲನೆಯದು ತೊಟ್ಟಿಯನ್ನು ಆರು ಗಂಟೆಯಲ್ಲಿ ತುಂಬುತ್ತದೆ. ಎರಡನೆಯದು ನಾಲ್ಕು ಗಂಟೆಯಲ್ಲಿ. ಎರಡನ್ನೂ ಒಟ್ಟಿಗೆ ಬಿಟ್ಟರೆ ತುಂಬಲು ಎಷ್ಟು ಹೊತ್ತು ಬೇಕು?"

ನಮ್ಮ ಮಾವ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು.

"ಯಾವ ಏರಿಯಾ?" ಎಂದರು.

ನಾನು ಸಾರಿನ ಸೌಟು ಹಿಡಿದುಕೊಂಡೇ ಅಡುಗೆಮನೆಗೆ ಓಡಿದೆ. ಮದುವೆಯಾಗಿ ಎಂಟು ತಿಂಗಳಾಗಿತ್ತು. ಮಾವನ ಎದುರಿಗೆ ಹಲ್ಲು ಬಿಡುವಷ್ಟು ಸಲಿಗೆ ಇನ್ನೂ ಬಂದಿರಲಿಲ್ಲ.

"ಏರಿಯಾ ಇಲ್ಲಪ್ಪ, ಇದು ಲೆಕ್ಕ," ಶಾಂತಕ್ಕ ಅಂದಳು.

"ಲೆಕ್ಕ ಆದ್ರೇನವ್ವ, ನೀರು ಎಲ್ಲಿಂದಾದ್ರೂ ಬರ್ಬೇಕಲ್ಲ? ಎರಡೂ ಒಂದೇ ಲೈನಲ್ಲಿದ್ರೆ, ಒಂದು ಬಿಟ್ಟಾಗ ಇನ್ನೊಂದು ಸೊರಗುತ್ತೆ."

"ಎರಡು ಗಂಟೆ ಇಪ್ಪತ್ನಾಲ್ಕು ನಿಮಿಷ ಅಂತ ಹಿಂದುಗಡೆ ಉತ್ತರ ಕೊಟ್ಟಿದಾರೆ, ನೋಡು."

ಮಾವ ಎಡಗೈಯಲ್ಲಿ ಪುಸ್ತಕ ಇಸಿದುಕೊಂಡು, ತಮಗೆ ಅರ್ಥವಾಗದ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. "ಇಪ್ಪತ್ನಾಲ್ಕು ನಿಮಿಷಾನೂ ಬಿಡದೆ ಹೇಳವ್ರೆ," ಅಂದರು. ಅವರ ದನಿಯಲ್ಲಿ ಭಯಭಕ್ತಿ ಇತ್ತು. "ಅಚ್ಚಾಗಿದೆ ಅಂದ್ಮೇಲೆ ಸುಳ್ಳಿರಲ್ಲ ಬಿಡು."

ಆ ಮಾತನ್ನು ಆಗಲೇ ತಡೆದಿದ್ದರೆ ಮುಂದಿನ ರಂಪವೇ ಆಗುತ್ತಿರಲಿಲ್ಲ. ಯಾರಿಗೆ ಗೊತ್ತಿತ್ತು?

ನಮ್ಮ ಮಾವ ಬೋರಯ್ಯ ಅಂದರೆ ಚಿಕ್ಕಲಸಂದ್ರದಲ್ಲಿ ನೀರು ಬಿಡುವ ಬೋರಯ್ಯ. ಹದಿನಾರು ವರ್ಷದಿಂದ ಹನ್ನೊಂದು ಬೀದಿಗಳ ವಾಲ್ವು ಅವರ ಕೈಯಲ್ಲಿತ್ತು. ನಮ್ಮನೆ ಬಾಗಿಲ ಹಿಂದೆ ಎದೆಯೆತ್ತರದ ಕಬ್ಬಿಣದ ಕೀ ನಿಂತಿರುತ್ತಿತ್ತು, ಮೇಲೆ ಅಡ್ಡ ಹಿಡಿ, ಕೆಳಗೆ ಚೌಕದ ಬಾಯಿ. ಅದನ್ನು ರಸ್ತೆಯ ಗುಂಡಿಗೆ ಇಳಿಸಿ ತಿರುಗಿಸಿದರೆ ಆ ಬೀದಿಗೆ ನೀರು. ದಿನ ಬಿಟ್ಟು ದಿನ ಬೆಳಗಿನ ನಾಲ್ಕೂವರೆಗೆ ಮಾವ ಕೀಯನ್ನು ಹೆಗಲಿಗೇರಿಸಿಕೊಂಡು ಹೊರಟರೆ, ಹನ್ನೊಂದನೇ ಬೀದಿ ಮುಗಿಸಿ ಮನೆ ಸೇರುವಾಗ ಸಂಜೆಯಾಗುತ್ತಿತ್ತು.

ಶಾಂತಕ್ಕ ಅಂದರೆ ನನ್ನ ನಾದಿನಿ ಶಾಂತಲಾ, ನನಗಿಂತ ಆರು ವರ್ಷ ದೊಡ್ಡವಳು. ಬಿ.ಎ. ಆಗಿತ್ತು. ಬ್ಯಾಂಕಿನ ಗುಮಾಸ್ತೆ ಪರೀಕ್ಷೆಯನ್ನು ನಾಲ್ಕು ಸಲ ಕಟ್ಟಿ ನಾಲ್ಕು ಸಲವೂ ಹೋಗಿತ್ತು. ಆ ತೊಂಬತ್ತೊಂಬತ್ತರ ಮೇ ತಿಂಗಳಿನದು ಐದನೆಯದು, ವಯಸ್ಸಿನ ಲೆಕ್ಕದಲ್ಲಿ ಅದೇ ಕೊನೆಯದು. ಅತ್ತೆಯ ಅಕ್ಕ ಮಂಗಮ್ಮ ಕೋಣನಕುಂಟೆಯಲ್ಲಿ ಹಿಟ್ಟಿನ ಗಿರಣಿ ಇಟ್ಟವನೊಬ್ಬನ ಸಂಬಂಧ ಹಿಡಿದುಕೊಂಡು ಕೂತಿದ್ದರು. ಗಂಡು ಕೆಟ್ಟವನಲ್ಲ, ಆದರೆ ಹೆಂಗಸರು ಹೊರಗೆ ದುಡಿಯುವುದು ಅವನಿಗೆ ಹಿಡಿಸದು. "ಈ ಸಲ ಪಾಸಾಗ್ಲಿಲ್ಲ ಅಂದ್ರೆ ಕಣ್ಣು ಮುಚ್ಕೊಂಡು ಒಪ್ಕೋತೀನಿ," ಎಂದು ಶಾಂತಕ್ಕ ಬಾಬಾಸಾಹೇಬರ ಫೋಟೊದ ಕೆಳಗೆ ನಿಂತು ಮಾತು ಕೊಟ್ಟಿದ್ದಳು.

ಹಾಗಾಗಿ ಮನೆಯಲ್ಲಿ ಅವಳಿಗೆ ಕೆಲಸವಿಲ್ಲ. ಪಾತ್ರೆ ನನಗೆ, ಬಟ್ಟೆ ನನಗೆ, ಮುದ್ದೆ ತಿರುವುವುದೂ ನನಗೆ. "ಅವಳು ಓದ್ಕೊಳ್ಳಲಿ ಬಿಡು ಜಯಾ," ಅನ್ನುವುದು ಅತ್ತೆ ಗೋವಿಂದಮ್ಮನ ಮಂತ್ರ. ಪಿಯುಸಿಯಲ್ಲಿ ಲೆಕ್ಕಕ್ಕೆ ಎಪ್ಪತ್ತೊಂದು ತೆಗೆದವಳು ನಾನು. ಗೊಟ್ಟಿಗೆರೆಯಲ್ಲಿ ನಮ್ಮಪ್ಪ ಅದನ್ನು ಊರಿಗೆಲ್ಲ ಹೇಳಿಕೊಂಡು ಬಂದಿದ್ದ. ಈ ಮನೆಯಲ್ಲಿ ಆ ಎಪ್ಪತ್ತೊಂದನ್ನು ಕೇಳಿದವರೇ ಇಲ್ಲ. ನನಗೆ ಉರಿಯುತ್ತಿತ್ತು, ಯಾಕೆ ಸುಳ್ಳು ಹೇಳಲಿ? ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆಯುತ್ತಿದ್ದೆ.

ಶಾಂತಕ್ಕನಿಗೆ ಬರುತ್ತಿರಲಿಲ್ಲ ಅಂತಲ್ಲ. ಅವಳ ಕಷ್ಟ ಬೇರೆಯೇ. ಲೆಕ್ಕ ಓದಿದರೆ ಅವಳಿಗೆ ಅಂಕಿ ಕಾಣುವುದಿಲ್ಲ, ಮನುಷ್ಯರು ಕಾಣುತ್ತಾರೆ. "ಒಂದು ಗೋಡೆಯನ್ನು ಹನ್ನೆರಡು ಆಳುಗಳು ಹತ್ತು ದಿನದಲ್ಲಿ" ಅಂತಿದ್ದರೆ, ಅದರಲ್ಲಿ ಹೆಣ್ಣಾಳೆಷ್ಟು ಎಂದು ಯೋಚಿಸುತ್ತಾಳೆ. ಒಂದೊಂದಕ್ಕೆ ಮುಕ್ಕಾಲು ನಿಮಿಷ ಇರುವ ಕಡೆ ಮೂರು ನಿಮಿಷ ಕಳೆಯುತ್ತಾಳೆ. ನಾಲ್ಕು ಸಲವೂ ಪೇಪರು ಮುಗಿಸದೇ ಎದ್ದು ಬಂದಿದ್ದಳು.

ಅತ್ತೆಯದು ಇನ್ನೊಂದು ಬಗೆ. "ಒಂದು ಚೀಲದಲ್ಲಿ ಐದು ಕೆಂಪು, ಮೂರು ನೀಲಿ ಚೆಂಡು. ನೋಡದೆ ಒಂದನ್ನು ತೆಗೆದರೆ ನೀಲಿ ಬರುವ ಸಂಭವ ಎಷ್ಟು" ಅಂತ ಶಾಂತಕ್ಕ ಓದಿದರೆ, ಸೊಪ್ಪು ಸೋಸುತ್ತಿದ್ದ ಅತ್ತೆ ಸಿಡುಕಿದರು.

"ಕಣ್ಣು ಮುಚ್ಕೊಂಡು ಚೀಲಕ್ಕೆ ಯಾಕೆ ಕೈ ಹಾಕ್ಬೇಕು? ಚೇಳಿದ್ರೆ?"

"ಎಂಟರಲ್ಲಿ ಮೂರು," ಅಂತ ನಾನು ಒಲೆ ಮುಂದಿನಿಂದಲೇ ಅಂದೆ. ಯಾರೂ ತಿರುಗಿ ನೋಡಲಿಲ್ಲ.

ಏಪ್ರಿಲ್ ಎರಡನೇ ವಾರ ನೀರಿನ ಆಫೀಸಿನಿಂದ ಮಾತು ಬಂತು. ಬೇಸಿಗೆ, ನೀರು ಕಡಿಮೆ, ಸಂಜೆವರೆಗೆ ಬಿಡುವ ಹಾಗಿಲ್ಲ, ಮಧ್ಯಾಹ್ನ ಎರಡಕ್ಕೆ ಹನ್ನೊಂದೂ ಬೀದಿ ಮುಗಿಯಬೇಕು. ಮಾವ ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಮರುದಿನ ಬೆಳಿಗ್ಗೆ ನಾಲ್ಕನೇ ಕ್ರಾಸಿನ ವಾಲ್ವನ್ನೂ ಏಳನೇ ಕ್ರಾಸಿನ ವಾಲ್ವನ್ನೂ ಒಟ್ಟಿಗೆ ತಿರುಗಿಸಿಬಿಟ್ಟರು.

ನಾಲ್ಕನೇ ಕ್ರಾಸು ದಿಣ್ಣೆ ಮೇಲಿದೆ. ಏಳನೆಯದು ತಗ್ಗಿನಲ್ಲಿ. ಏಳನೆಯದರಲ್ಲಿ ನೆಲದಡಿಯ ಸಂಪುಗಳೆಲ್ಲ ತುಂಬಿ ರಸ್ತೆಗೆ ಹರಿಯಿತು, ಜನ ಸ್ಕೂಟರು ತೊಳೆದರು. ನಾಲ್ಕನೆಯದರಲ್ಲಿ ನಲ್ಲಿ ಬರೀ ಗಾಳಿ ಊದಿತು.

ಒಂಬತ್ತು ಗಂಟೆಗೆ ನಮ್ಮ ಬಾಗಿಲ ಮುಂದೆ ಹೆಂಗಸರು ಖಾಲಿ ಬಿಂದಿಗೆ ಸಮೇತ ಬಂದು ನಿಂತರು. ಮುಂದೆ ಇದ್ದದ್ದು ನಾಲ್ಕನೇ ಕ್ರಾಸಿನ ಕೊನೇ ಮನೆಯ ಅನ್ನಪೂರ್ಣಮ್ಮ. ಬಾಯಿ ತೆಗೆದರೆ ಇಡೀ ಬೀದಿಗೆ ಕೇಳಿಸುತ್ತದೆ.

"ಏನ್ ಬೋರಯ್ಯ, ಹದಿನಾರು ವರ್ಷ ಒಂದಿನ ತಪ್ಪಿಸಿದೋರಲ್ಲ ನೀವು. ಇವತ್ತು ಏನಾಯ್ತು ನಿಮ್ಗೆ? ಕೆಳಗಿನೋರು ಏನಾದ್ರೂ ಕೊಟ್ರಾ?"

ಬೀದಿಗಳ ನಡುವೆ ತಿಂಡಿಗೆಂದು ಬಂದು ಜಗಲಿಯಲ್ಲಿ ಕೂತಿದ್ದ ಮಾವ ಎದ್ದು ನಿಂತರು. ಅವರ ತುಟಿ ಅದುರಿದ್ದು ನನಗೆ ಕಂಡಿತು. ಮಧ್ಯಾಹ್ನ ಇಂಜಿನಿಯರು ಕರೆಸಿ, "ಯಾವ ಬೀದಿಗೆ ಎಷ್ಟು ಹೊತ್ತು ಬಿಡ್ತೀಯ ಅಂತ ಸೋಮವಾರ ಬರ್ಕೊಂಡು ಬಾ, ಇಲ್ಲಾಂದ್ರೆ ಬೇರೆಯೋನ್ನ ಹಾಕ್ತೀನಿ," ಅಂದರಂತೆ.

ಸಂಜೆ ಊಟದ ಹೊತ್ತಿಗೆ ಎಲ್ಲ ಹೊರಬಿತ್ತು.

"ಅಲ್ಲಪ್ಪ, ನಿಂಗೇ ಗೊತ್ತಿತ್ತಲ್ಲ, ಒಂದು ಬಿಟ್ರೆ ಇನ್ನೊಂದು ಸೊರಗುತ್ತೆ ಅಂತ?" ನನ್ನ ಗಂಡ ಮಹೇಶ ಕೇಳಿದರು. ಗಾರ್ಮೆಂಟ್ಸಿನಲ್ಲಿ ಕಟಿಂಗ್ ಕೆಲಸ ಇವರದು. ಅಳತೆ ತಪ್ಪಿದರೆ ಸಹಿಸುವವರಲ್ಲ.

"ನಾನು ನಾಕನೇ ಕ್ಲಾಸು ಕಣಪ್ಪ. ಕಿವಿ ಮೇಲೆ ಕೆಲಸ ಮಾಡೋನು. ಅವ್ರು ನಿಮಿಷದ ಸಮೇತ ಅಚ್ಚು ಹಾಕ್ಸವ್ರೆ. ಓದಿದೋರಿಗೆ ಏನೋ ಉಪಾಯ ಗೊತ್ತಿರ್ಬೇಕು ಅಂದ್ಕೊಂಡೆ."

ಇವರು ತಟ್ಟೆ ಸರಿಸಿ ಶಾಂತಕ್ಕನ ಕಡೆ ತಿರುಗಿದರು. "ಐದು ವರ್ಷದಿಂದ ಅದೇ ತೊಟ್ಟಿ ತುಂಬಿಸ್ತಾ ಕೂತಿದೀಯ. ಈಗ ಅಪ್ಪನ ಕೆಲಸಕ್ಕೂ ಕುತ್ತು ತಂದೆ. ಸಾಕು ಮಾಡು ತಾಯಿ."

"ನಾನೇನಣ್ಣ ಮಾಡ್ದೆ?"

"ಜೋರಾಗಿ ಓದ್ದೆ, ಅಷ್ಟೇ!"

ಅತ್ತೆ ಎದ್ದು ಹೋಗಿ ಗೈಡನ್ನು ಅಟ್ಟದ ಮೇಲೆ ಎಸೆದು ಬಂದರು. ಮಾರನೇ ದಿನವೇ ಮಂಗಮ್ಮನಿಗೆ ಹೇಳಿ ಕಳಿಸಿದರು.

ಬೆಳಿಗ್ಗೆ ಶಾಂತಕ್ಕ ಸೆರಗು ಸಿಕ್ಕಿಸಿಕೊಂಡು ಬಚ್ಚಲಿಗೆ ಬಂದಳು. "ಅತ್ತಿಗೆ, ಸರಿ ಆ ಕಡೆ. ಪಾತ್ರೆ ನಾನು ತೊಳೀತೀನಿ."

ಎಂಟು ತಿಂಗಳಿಂದ ನಾನು ಕಾದಿದ್ದ ಮಾತು ಅದು. ಕೇಳಿದರೆ ಖುಷಿಯೇ ಆಗಲಿಲ್ಲ. ಅವಳು ಬೂದಿ ಹಾಕಿ ಉಜ್ಜುತ್ತಿದ್ದಳು, ತಲೆ ಎತ್ತಲಿಲ್ಲ. ನಾನು ಏಣಿ ಇಟ್ಟು ಅಟ್ಟ ಹತ್ತಿದೆ.

"ಶಾಂತಕ್ಕ, ಇಲ್ಲಿ ನೋಡು," ಅಂದೆ, ಗೈಡಿನ ಧೂಳು ಒರೆಸುತ್ತಾ. "ಈ ಪುಸ್ತಕದ ಕೊಳಾಯಿಗಳಿಗೆ ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿಲ್ಲ. ಒಂದೊಂದಕ್ಕೂ ಬೇರೆ ಬೇರೆ ಕೆರೆ ಇದೆ ಅಂದ್ಕೋ. ಹಾಗೆ ಅಂದ್ಕೊಂಡ್ರೆ ಮಾತ್ರ ಆ ಉತ್ತರ. ಮಾವನ ನೀರು ಬೇರೆ, ಪುಸ್ತಕದ ನೀರು ಬೇರೆ. ಪರೀಕ್ಷೆ ದಿನ ಪುಸ್ತಕದ ನೀರು ಬಿಟ್ಬಿಡು, ಸಾಕು."

ಶಾಂತಕ್ಕ ಕೈಯಲ್ಲಿದ್ದ ಬೂದಿ ಸಮೇತ ನನ್ನನ್ನು ನೋಡಿದಳು. "ಬೇರೆ ಬೇರೆ ಕೆರೆ," ಅಂತ ಮೆಲ್ಲಗೆ ಹೇಳಿಕೊಂಡಳು. ಕೈ ತೊಳೆದುಕೊಳ್ಳುತ್ತಾ, "ಅಪ್ಪನ ನೀರಿನ ಲೆಕ್ಕಾನ ಯಾರು ಮಾಡೋದು? ಸೋಮವಾರ ಬರ್ಕೊಂಡು ಹೋಗ್ಬೇಕಲ್ಲ," ಅಂದಳು.

"ನಾವೇ ಮಾಡಣ."

ಮುಂದಿನ ನೀರಿನ ದಿನ ನಾವಿಬ್ಬರೂ ಮಾವನ ಹಿಂದೆ ಹೊರಟೆವು. ನನ್ನ ಕೈಯಲ್ಲಿ ಬಿಂದಿಗೆ, ಅವಳ ಕೈಯಲ್ಲಿ ನೋಟ್‌ಬುಕ್ಕು ಮತ್ತು ಅವಳಣ್ಣನ ವಾಚು. ನಾಲ್ಕನೇ ಕ್ರಾಸಿನ ತುದಿಯಲ್ಲಿ ಮಾವ ಕೀ ಇಳಿಸಿ ತಿರುಗಿಸಿದರು, ಹತ್ತೊಂಬತ್ತು ಸುತ್ತು. ಆಮೇಲೆ ಬಗ್ಗಿ ಕೀಯ ಹಿಡಿಗೆ ಕಿವಿ ಇಟ್ಟು ಕಣ್ಣು ಮುಚ್ಚಿದರು.

"ಏನ್ ಮಾವ ಕೇಳ್ತೀರ?"

"ಬಾವ್ವ, ನೀನೇ ಕೇಳು."

ನಾನು ಕಿವಿ ಇಟ್ಟೆ. ತಣ್ಣನೆಯ ಕಬ್ಬಿಣದೊಳಗೆ ಮೊದಲು ಏನೂ ಇಲ್ಲ. ಆಮೇಲೆ ಆಳದಲ್ಲಿ ಒಂದು ಗುಂಯ್ ಎನ್ನುವ ಸದ್ದು, ನಂತರ ಅದರ ಮೇಲೆ ಸಣ್ಣಗೆ ಕಲ್ಲು ಉರುಳಿದ ಹಾಗೆ ಇನ್ನೊಂದು. ನನಗೆ ಮೈ ಜುಮ್ಮೆಂದಿತು. ನೂರು ಕಿಲೋಮೀಟರ್ ಆಚೆಯ ಹೊಳೆ ನಮ್ಮ ಬೀದಿಯ ಡಾಂಬರಿನ ಕೆಳಗೆ ನಡೆದುಕೊಂಡು ಹೋಗುತ್ತಿತ್ತು.

"ಈಗ ಹತ್ತನೇ ಮನೆ ಹತ್ರ ಐತೆ," ಮಾವ ಅಂದರು. "ಸದ್ದು ತೆಳ್ಳಗಾದಾಗ ಕೊನೇ ಮನೆ ಮುಟ್ತು ಅಂತ."

ಅವರು ವಾಚು ಕಟ್ಟಿದವರಲ್ಲ. ಹಾಲಿನ ವ್ಯಾನು, ಸ್ಕೂಲಿನ ಗಂಟೆ, ಇಂತಿಂಥ ಬಸ್ಸು ತಿರುಗಿದ್ದು, ಇವನ್ನು ನೋಡಿಕೊಂಡು ವಾಲ್ವು ಮುಚ್ಚುತ್ತಿದ್ದರು. ನಾವು ಒಂದೊಂದು ಬೀದಿಯ ಕೊನೇ ಮನೆಗೂ ಹೋಗಿ ನಲ್ಲಿಯ ಕೆಳಗೆ ಬಿಂದಿಗೆ ಇಟ್ಟೆವು. ನಾಲ್ಕನೇ ಕ್ರಾಸಿನಲ್ಲಿ ಒಂದು ಬಿಂದಿಗೆ ತುಂಬಲು ಅರವತ್ತೈದು ಸೆಕೆಂಡು. ಏಳನೆಯದರಲ್ಲಿ ಇಪ್ಪತ್ತಾರೇ. ಎರಡರ ನಡುವಿನ ಎತ್ತರದಲ್ಲಿರುವ ಒಂಬತ್ತನೆಯದರಲ್ಲಿ ನಲವತ್ತೆರಡು. ಅನ್ನಪೂರ್ಣಮ್ಮ ಗೇಟಿನಲ್ಲಿ ನಿಂತು, "ಇದೇನ್ರಮ್ಮ, ನಮ್ಮನೆ ನೀರಿಗೆ ನಾಡಿ ನೋಡ್ತೀರಾ?" ಅಂದರು.

ಮಾವ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಹೊತ್ತನ್ನೂ ವಾಚಿನಲ್ಲಿ ಹಿಡಿದೆವು. ಹೊಸ ಪಟ್ಟಿ ಆಗುವವರೆಗೆ ಅವರು ಹಳೇ ರೂಢಿಯಂತೆಯೇ ಬಿಡುತ್ತಿದ್ದರು, ನಾಲ್ಕನೇ ಕ್ರಾಸಿಗೆ ಎರಡು ಗಂಟೆ ಹತ್ತು ನಿಮಿಷ, ಏಳಕ್ಕೆ ಐವತ್ತೆರಡು ನಿಮಿಷ, ಒಂಬತ್ತಕ್ಕೆ ಎಂಬತ್ತಮೂರು. ಸಂಜೆ ಶಾಂತಕ್ಕ ಹಜಾರದ ನೆಲದ ಮೇಲೆ ಕೂತು ಭಾಗಾಕಾರ ಮಾಡಿದಳು. ನಾನು ಅವಳ ಭುಜದ ಮೇಲಿಂದ ನೋಡುತ್ತಿದ್ದೆ. ನಾಲ್ಕನೇ ಕ್ರಾಸು, ಏಳು ಸಾವಿರದ ಎಂಟುನೂರು ಸೆಕೆಂಡು, ಅರವತ್ತೈದರಿಂದ ಭಾಗಿಸಿದರೆ ನೂರಿಪ್ಪತ್ತು ಬಿಂದಿಗೆ. ಏಳನೆಯದು, ನೂರಿಪ್ಪತ್ತು. ಒಂಬತ್ತು, ನೂರ ಹದಿನೆಂಟು.

ಶಾಂತಕ್ಕನ ಪೆನ್ನು ನಿಂತಿತು. ಮತ್ತೊಂದು ಸಲ ಮಾಡಿದಳು. ಉಳಿದ ಬೀದಿಗಳನ್ನೂ ಮಾಡಿದಳು. ನೂರ ಇಪ್ಪತ್ತೊಂದು, ನೂರ ಹತ್ತೊಂಬತ್ತು, ನೂರಿಪ್ಪತ್ತು. ಹನ್ನೊಂದು ಬೀದಿಯ ಹನ್ನೊಂದು ಕೊನೇ ಮನೆಗೂ ಒಂದೇ ಲೆಕ್ಕ, ಎರಡು ಬಿಂದಿಗೆ ಆಚೀಚೆ.

"ಅಪ್ಪ," ಅವಳು ತಲೆ ಎತ್ತಿದಳು. "ನಿಂಗೆ ಇದನ್ನ ಯಾರು ಹೇಳ್ಕೊಟ್ರು?"

"ಏನನ್ನ?"

"ಎಲ್ಲಾರ್ಗೂ ನೂರಿಪ್ಪತ್ತು ಬಿಂದಿಗೆ."

"ಹೌದಾ?" ಮಾವನಿಗೇ ಆಶ್ಚರ್ಯ. "ಮೊದಮೊದ್ಲು ದಿನಾ ಬೈತಿದ್ರು ಕಣವ್ವ. ಬೈದ ಬೀದಿಗೆ ಸ್ವಲ್ಪ ಹೊತ್ತು ಜಾಸ್ತಿ ಬಿಟ್ಟೆ. ಆಗ ಇನ್ನೊಂದು ಬೀದಿಯೋರು ಬೈದ್ರು. ಹಂಗೇ ಅತ್ತಿತ್ತ ಮಾಡ್ತಾ ಮೂರು ವರ್ಷ ಹೋಯ್ತು. ಒಂದಿನ ಯಾರೂ ಬೈಲಿಲ್ಲ. ಅವತ್ತು ಬಿಟ್ಟಷ್ಟನ್ನೇ ಇವತ್ತಿಗೂ ಬಿಡ್ತಾ ಇದೀನಿ."

ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಮೂವತ್ತೈದು ವರ್ಷ ಜೊತೆಗಿದ್ದ ಗಂಡನನ್ನು ಯಾರೋ ದೊಡ್ಡ ಮನುಷ್ಯ ಮನೆಗೆ ಬಂದಿದ್ದಾನೆ ಎಂಬಂತೆ ನೋಡುತ್ತಿದ್ದರು. ನಾನೂ ಹಾಗೇ ನೋಡಿದೆ, ನಾಚಿಕೆಯಿಲ್ಲದೆ.

ಆಮೇಲಿನದು ಶಾಂತಕ್ಕನಿಗೆ ಸಲೀಸಾಯಿತು. ಹದಿನಾಲ್ಕು ಗಂಟೆಯ ಕೆಲಸ ಒಂಬತ್ತೂವರೆಯೊಳಗೆ ಮುಗಿಯಬೇಕು, ಅಂದರೆ ಸುಮಾರು ಮೂರರಲ್ಲಿ ಎರಡು ಪಾಲು. ಎಲ್ಲ ಬೀದಿಗೂ ಅಷ್ಟೇ ಕತ್ತರಿ ಹಾಕಿದರೆ ಎಲ್ಲರಿಗೂ ಎಂಬತ್ತು ಬಿಂದಿಗೆ. ನಾಲ್ಕನೇ ಕ್ರಾಸಿಗೆ ಎಂಬತ್ತೇಳು ನಿಮಿಷ, ಏಳಕ್ಕೆ ಮೂವತ್ತೈದು. ಐದು ನಿಮಿಷದಲ್ಲಿ ಹನ್ನೊಂದೂ ಬರೆದು ಮುಗಿಸಿದಳು. ಈ ಸಲ ಬಾಯಿಬಿಟ್ಟು ನೋಡುವ ಸರದಿ ಮಾವನದು.

"ಬೀದೀಗೆ ಕಾಲಿಡದೆ ಹೇಳ್ಬಿಟ್ಟಲ್ಲವ್ವ! ನಂಗೆ ಇದಕ್ಕೆ ಇನ್ನೂ ಮೂರು ವರ್ಷ ಬೈಸ್ಕೋಬೇಕಿತ್ತು."

ಸೋಮವಾರ ಆ ಹಾಳೆ ನೋಡಿ ಇಂಜಿನಿಯರು ಕುರ್ಚಿ ತೋರಿಸಿ ಮಾವನನ್ನು ಕೂರಿಸಿದರಂತೆ. ಮಂಗಮ್ಮ ಆ ಭಾನುವಾರ ಗಂಡಿನ ಫೋಟೊ ತಂದಿದ್ದರು. ಅತ್ತೆ ಕಾಫಿ ಕೊಟ್ಟು, "ಪರೀಕ್ಷೆ ಮುಗೀಲಿ ಅಕ್ಕ," ಅಂತ ಕಳಿಸಿಬಿಟ್ಟರು.

ಉಳಿದದ್ದು ಐದು ವಾರ. ಪಾತ್ರೆ ಬಟ್ಟೆ ಇಬ್ಬರೂ ಮಾಡಿದೆವು, ಲೆಕ್ಕವನ್ನೂ ಇಬ್ಬರೂ ಮಾಡಿದೆವು. ನಾನು ರಾಗಿ ಹಸನು ಮಾಡುತ್ತಾ ಪ್ರಶ್ನೆ ಓದುವುದು, ಅವಳು ಬಟ್ಟೆ ಹಿಂಡುತ್ತಾ ಉತ್ತರ ಹೇಳುವುದು.

"ಗೊತ್ತಿಲ್ದೇ ಇರೋದಕ್ಕೆ ಸುಮ್ನೆ ಒಂದು ಗುರುತು ಹಾಕ್ಲಾ ಅತ್ತಿಗೆ?" ಅಂತ ಒಂದು ದಿನ ಕೇಳಿದಳು. ಐದು ಉತ್ತರ ಕೊಟ್ಟಿರುತ್ತಾರೆ, ಒಂದು ಸರಿ. ಸರಿಯಾದರೆ ಒಂದು ಅಂಕ, ತಪ್ಪಾದರೆ ಕಾಲು ಅಂಕ ಕಡಿತ.

ನಾನು ಒಂದು ಡಬ್ಬಿಗೆ ನಾಲ್ಕು ಅಲಸಂದೆ ಕಾಳು, ಒಂದು ಕಡಲೆ ಹಾಕಿದೆ. ಅಲಸಂದೆಯಲ್ಲೂ ಕಡಲೆ ಗಾತ್ರದವನ್ನೇ ಹುಡುಕಿದೆ. ಅತ್ತೆ ಕಣ್ಣು ಮುಚ್ಚಿ ತೆಗೆಯುವುದು, ನೋಡಿ ಮತ್ತೆ ಹಾಕುವುದು, ನಾನು ಗೆರೆ ಎಳೆಯುವುದು. ನೂರು ಸಲ. ಚೇಳಿನ ಭಯ ಬಿಟ್ಟು ಅತ್ತೆ ಉತ್ಸಾಹದಿಂದ ಕೈ ಹಾಕಿದರು. ಒಮ್ಮೆ ಸತತವಾಗಿ ಮೂರು ಸಲ ಕಡಲೆ, ಆಮೇಲೆ ಹದಿನಾಲ್ಕು ಸಲ ಬರೀ ಅಲಸಂದೆ. ಕೊನೆಗೆ ಎಣಿಸಿದರೆ ಕಡಲೆ ಇಪ್ಪತ್ತೊಂದು.

"ಇಪ್ಪತ್ತು ಬರ್ಬೇಕು ಅಂತ ಇತ್ತು," ನಾನಂದೆ.

ಅತ್ತೆ ಡಬ್ಬಿಯೊಳಗೆ ಇಣುಕಿದರು. "ಕಾಳಿಗೆ ಯಾರೇ ಹೇಳಿದ್ದು?" ಅಂದರು, ಪಿಸುಮಾತಿನಲ್ಲಿ.

ಯಾರೂ ಹೇಳಿರಲಿಲ್ಲ. ನನಗೂ ಒಂದು ಕ್ಷಣ ಆ ಡಬ್ಬಿಗೆ ಕೈಮುಗಿಯಬೇಕು ಅನ್ನಿಸಿತು. ಇಪ್ಪತ್ತೊಂದು ಸರಿ, ಎಪ್ಪತ್ತೊಂಬತ್ತು ತಪ್ಪು, ಕಳೆದರೆ ಉಳಿಯುವುದು ಒಂದೂಕಾಲು ಅಂಕ. ನೂರು ಸಲ ಕುರುಡಾಗಿ ಗುರುತು ಹಾಕಿದರೂ ಅಷ್ಟೇ. ಎರಡು ತಪ್ಪು ಉತ್ತರ ಖಂಡಿತ ಗೊತ್ತಿದ್ದರೆ ಮಾತ್ರ ಮಿಕ್ಕ ಮೂರರಲ್ಲಿ ಒಂದಕ್ಕೆ ಧೈರ್ಯ ಮಾಡಬಹುದು. ಶಾಂತಕ್ಕ ಅದನ್ನು ಗೈಡಿನ ಮೊದಲ ಪುಟದಲ್ಲಿ ಬರೆದುಕೊಂಡಳು.

ಪರೀಕ್ಷೆ ಜಯನಗರದ ಒಂದು ಸ್ಕೂಲಿನಲ್ಲಿ. ನಾನು ಚಿತ್ರಾನ್ನ ಕಟ್ಟಿಕೊಂಡು ಜೊತೆಗೆ ಹೋಗಿ ಗೇಟಿನ ಹೊರಗೆ ಕೂತೆ. ಹೊರಬಂದವಳು ಮೊದಲು ಅಂದದ್ದು, "ಪೇಪರ್ ಮುಗಿಸ್ದೆ ಅತ್ತಿಗೆ." ಮತ್ತೆ ಬಸ್ಸಿನಲ್ಲಿ, "ಎರಡು ಕೊಳಾಯಿದು ಬಂದಿತ್ತು. ಅರ್ಧ ನಿಮಿಷ. ಅಪ್ಪ ಮನಸ್ಸಿಗೆ ಬಂದ್ರು, ಇರಪ್ಪ ಆಮೇಲೆ ಮಾತಾಡ್ತೀನಿ ಅಂದೆ."

ಆಗಸ್ಟಿನ ಒಂದು ಬೆಳಿಗ್ಗೆ ಪೇಪರಿನಲ್ಲಿ ಪಟ್ಟಿ ಬಂತು. ಶಾಂತಕ್ಕ ಪೇಪರನ್ನು ನನ್ನ ಕೈಗೆ ತುರುಕಿದಳು, ನಂಬರು ಹುಡುಕಿದ್ದು ನಾನೇ. ಮೂರು ಸಲ ಬೆರಳಿಟ್ಟು ನೋಡಿದೆ. ಅವಳು ಅಲ್ಲೇ ಕುಸಿದು ಕೂತು ಅಳತೊಡಗಿದಳು, ಅತ್ತೆ ಅವಳ ತಲೆ ಹಿಡಿದುಕೊಂಡು ತಾವೂ ಅತ್ತರು. ಇವರು ಬನಿಯನ್ನಿನಲ್ಲೇ ಸ್ವೀಟ್ ತರಲು ಓಡಿದರು. ನಾನು ಪೇಪರು ಹಿಡಿದುಕೊಂಡು ನಾಲ್ಕನೇ ಕ್ರಾಸಿಗೆ ಓಡಿದೆ.

ಅವತ್ತು ನೀರಿನ ದಿನ. ಮಳೆ ಬಂದು ಎಲ್ಲರ ಪಾಲೂ ಮತ್ತೆ ನೂರಿಪ್ಪತ್ತಕ್ಕೆ ಏರಿತ್ತು. ಮಾವ ಬೀದಿಯ ತುದಿಯಲ್ಲಿ ಕೀಯ ಹಿಡಿಗೆ ಕಿವಿ ಇಟ್ಟು ಬಗ್ಗಿ ನಿಂತಿದ್ದರು.

"ಮಾವ!"

ಅವರು ಕಣ್ಣು ತೆರೆಯದೆ ಕೈ ಎತ್ತಿದರು. "ಇರವ್ವ. ಕೊನೇ ಮನೆಗೆ ಇನ್ನೂ ಹೋಗಿಲ್ಲ."

ನಾನು ಓಡಿ ಬಂದ ಸದ್ದು ಕೇಳಿರಲೇಬೇಕು. ಪಟ್ಟಿ ಬರುವ ದಿನವೆಂದು ಮನೆಗೆಲ್ಲ ಗೊತ್ತಿತ್ತು. ಆದರೂ ಆ ಎತ್ತಿದ ಕೈ ಇಳಿಯಲಿಲ್ಲ. ನಾನು ಏದುಸಿರು ಬಿಡುತ್ತಾ ನಿಂತೆ. ಅಷ್ಟು ದೊಡ್ಡ ಸುದ್ದಿಯನ್ನು ಬಾಯಲ್ಲಿಟ್ಟುಕೊಂಡು ಹಾಗೆ ಕಾದದ್ದು ಅದೇ ಮೊದಲು, ಅದೇ ಕೊನೆ. ದೂರದಲ್ಲಿ ಅನ್ನಪೂರ್ಣಮ್ಮನ ಗಂಟಲು ಕೇಳಿಸಿತು. "ಬಂತು ಬೋರಯ್ಯ!"

ಮಾವ ನೆಟ್ಟಗೆ ನಿಂತರು. "ಈಗ ಹೇಳು."

"ಆಯ್ತು ಮಾವ. ಶಾಂತಕ್ಕಂಗೆ ಆಯ್ತು."

ಅವರು ಕೀಯ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು.

"ಎಷ್ಟು ಜನ ಬರ್ದಿದ್ರು?"

"ಇಪ್ಪತ್ತು ಸಾವಿರ ಅಂತೆ."

"ತಗೊಂಡಿದ್ದು?"

"ನಾನೂರು."

"ಅದು ಎಷ್ಟಕ್ಕೆ ಒಂದವ್ವ?"

"ಐವತ್ತಕ್ಕೆ ಒಂದು, ಮಾವ."

ಮಾವ ಬೀದಿಯ ಕಡೆ ತಿರುಗಿದರು. ನಾಲ್ಕನೇ ಕ್ರಾಸಿನಲ್ಲಿರುವುದು ಐವತ್ತು ಮನೆ. ಮೊದಲನೇ ಗೇಟಿನಿಂದ ಶುರುಮಾಡಿ ಒಂದೊಂದನ್ನೇ ನೋಡುತ್ತಾ ಹೋದರು. ತುಟಿ ಅಲ್ಲಾಡುತ್ತಿತ್ತು. ಆ ಕಡೆಯ ಸಾಲು ಮುಗಿಸಿ ಈ ಕಡೆಯ ಸಾಲು ಹಿಡಿದರು. ದಿಣ್ಣೆಯ ಮೇಲೆ, ಎಲ್ಲಕ್ಕಿಂತ ದೂರದಲ್ಲಿ, ನೀರು ಎಲ್ಲರಿಗಿಂತ ಕಡೆಗೆ ಮುಟ್ಟುವ ಗೇಟಿನ ಮೇಲೆ ಅವರ ಕಣ್ಣು ನಿಂತಿತು.

"ಇಷ್ಟೂ ಮನೇಲಿ ಒಂದು ಮನೆ," ಅಂದರು. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಕೊನೇ ಮನೇಗೇ ಬಂತು ನೋಡವ್ವ."